ಅದು ನನ್ನ ಮಗುವಾಗದಿರಲಿ

ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳಯಂ ಎಂಬಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕ್ ಇದೆ. 2003ರಲ್ಲಿ ಆರಂಭವಾದ ಅದಕ್ಕೆ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ರೇಸ್ ಚಾಲಕ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ಒಂದು ಸುತ್ತು ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ ಅದರ ಗೇಟಿನೊಳಗೆ, ಮೈಸೂರಿನಿಂದ ಬೈಕು ಹೇರಿಕೊಂಡು ಬಂದಿದ್ದ ಬಾಡಿಗೆ ಟೆಂಪೋದ ಬಾಗಿಲಿಗೆ ಕಾಗದವನ್ನು ಒತ್ತಿ ಹಿಡಿದು ನಾನೊಂದು ಸಹಿ ಹಾಕಿದೆ. ಮಗಳಿಗೆ ಆಗ 17. ಹವ್ಯಾಸಿಗಳ ರೇಸಿನಲ್ಲಿ ಭಾಗವಹಿಸಲು ಅಪ್ರಾಪ್ತ ವಯಸ್ಸಿನವರಿಗೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ಈ ಆಟದಲ್ಲಿ ಗಾಯವಾಗಬಹುದು, ಸಾವೂ ಸಂಭವಿಸಬಹುದು, ಹಾಗಾದರೆ ಯಾರನ್ನೂ ಹೊಣೆ ಮಾಡುವುದಿಲ್ಲ ಎಂದು ಆ ಕಾಗದದಲ್ಲಿ ಬರೆದಿತ್ತು. 'ಸಾವು' ಎಂಬ ಪದವನ್ನು ನಾನು ಓದಿದೆ. ಓದಿಯೂ ಸಹಿ ಹಾಕಿದೆ.

ಒಂದು ವಿಚಿತ್ರ ನೋಡಿ. ಅದೇ ಬೈಕನ್ನು ಅವಳು ನಮ್ಮ ಬೀದಿಯ ತುದಿಯ ಹಾಲಿನ ಬೂತಿನವರೆಗೆ ಓಡಿಸುವಂತಿರಲಿಲ್ಲ. ಗೇರ್ ಇರುವ ಬೈಕಿನ ಪರವಾನಗಿಗೆ 18 ತುಂಬಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪೋಷಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು. ಆದರೆ ಬೇಲಿ ಹಾಕಿದ ಟ್ರ್ಯಾಕಿನಲ್ಲಿ, ಇಡೀ ವೇಗದಲ್ಲಿ, ನನ್ನ ಒಂದು ಸಹಿಯಿಂದ ಅವಳು ಓಡಿಸಬಹುದು. ಅದಕ್ಕೇ ಬೈಕಿಗೆ ಟೆಂಪೋ.

ಮನೆಯಲ್ಲಿ ಈ ವಿಷಯಕ್ಕೆ ಆರು ತಿಂಗಳು ಜಗಳ ನಡೆದಿತ್ತು. ಮಗಳಿಗೆ ಈ ಹುಚ್ಚು ಹತ್ತಿಸಿದವರು ನನ್ನ ತಂದೆ. ಅವರು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ತಯಾರಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ತಂದೆ ಮಾತ್ರ ತಮ್ಮ ಯೆಜ್ಡಿಯನ್ನು ಕೊನೆಯವರೆಗೂ ಬಿಡಲಿಲ್ಲ. ಮೊಮ್ಮಗಳು ಅಕ್ಷರ ಕಲಿಯುವ ಮೊದಲೇ ಕಾರ್ಬ್ಯುರೇಟರ್ ಬಿಚ್ಚುವುದನ್ನು ಕಲಿತಳು. ಈಗ ದಾದಾ ಇಲ್ಲ. ದಾದಿ ಇದ್ದಾರೆ. ಅವರು ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

"ಬಣ್ಣ ಹೊಡೆಯೋನು ಮೂರನೇ ಮಹಡೀಲಿ ಹಗ್ಗಕ್ಕೆ ಜೋತು ಬೀಳ್ತಾನೆ. ಅದು ಹೊಟ್ಟೆಗೆ. ಇವಳು ಬೀಳೋದು ಯಾತಕ್ಕೆ?"

ನಾನು ಕೆಲವು ಹದೀಸ್‌ಗಳ ಮೊರೆಹೋದೆ. ಮದೀನಾದಲ್ಲಿ ಪ್ರವಾದಿ ಮುಹಮ್ಮದ್(ಸ) ಕುದುರೆ ಓಟ ಏರ್ಪಡಿಸುತ್ತಿದ್ದರು. ಓಟಕ್ಕೆಂದೇ ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲಿ. ಪಳಗಿಸದವಕ್ಕೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಸುಮಾರು ಒಂದೇ ಮೈಲಿ. ತರುಣ ಇಬ್ನು ಉಮರ್(ರ) ಆ ಓಟದಲ್ಲಿದ್ದರು. ಪ್ರಯಾಣದ ನಡುವೆ ಪ್ರವಾದಿ(ಸ) ಮತ್ತು ಆಯಿಶಾ(ರ) ಓಟದ ಪಂದ್ಯ ಕಟ್ಟಿದ್ದು, ಮೊದಲ ಸಲ ಆಯಿಶಾ ಗೆದ್ದದ್ದು ನಮಗೆಲ್ಲ ಗೊತ್ತು. ಇವನ್ನೆಲ್ಲ ಅಮ್ಮನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕಾಲಲ್ಲಿ ಓಡ್ಲಿ, ಬೇಡ ಅಂದೋರು ಯಾರು?" ಎಂದರು.

ಅಮ್ಮ ಹೇಳಿದ್ದು ಸರಿ. ಹದೀಸ್ ಹೇಳುವಾಗ ನನಗೆ ಬೇಕಾಗಿದ್ದುದು ಅನುಮತಿ, ಉತ್ತರವಲ್ಲ. ಆಟ ಸಮ್ಮತ ಎಂಬುದು ಒಂದು ಮಾತು. ಆಟಕ್ಕಾಗಿ ಪ್ರಾಣವನ್ನು ಎಷ್ಟರಮಟ್ಟಿಗೆ ಒಡ್ಡಬಹುದು ಎಂಬುದು ಬೇರೆಯೇ ಮಾತು. ನಮ್ಮ ಧರ್ಮಶಾಸ್ತ್ರಜ್ಞರು ಶರೀಅತ್ತಿನ ಉದ್ದೇಶಗಳನ್ನು ಎಣಿಸುವಾಗ ಪ್ರಾಣದ ರಕ್ಷಣೆಯನ್ನು ಮುಂಚೂಣಿಯಲ್ಲಿಡುತ್ತಾರೆ. ಮಕ್ಕಳು ನಮ್ಮ ಬಳಿ ಇರುವ ಅಮಾನತ್ತು. ಅಮಾನತ್ತನ್ನು ಇಟ್ಟುಕೊಂಡವನು ಅದರ ಮೇಲೆ ಪಣ ಕಟ್ಟಬಹುದೇ?

ಇನ್ನೊಂದು ಕಡೆಯೂ ಇದೆ. ನಮ್ಮ ಮೊಹಲ್ಲಾದಲ್ಲಿ ರಂಝಾನ್ ರಾತ್ರಿಗಳಲ್ಲಿ ತರಾವೀಹ್ ಮುಗಿದ ಮೇಲೆ 15, 16ರ ಹುಡುಗರು ಮೂರು ಮೂರು ಜನ ಒಂದು ಬೈಕಿನಲ್ಲಿ, ತಲೆಗೆ ಟೋಪಿ ಬಿಟ್ಟರೆ ಬೇರೇನೂ ಇಲ್ಲದೆ, ಮುಂದಿನ ಚಕ್ರ ಎತ್ತಿಕೊಂಡು ಹೋಗುತ್ತಾರೆ. ಅವರ ತಂದೆಯರಿಂದ ಯಾರೂ ಒಪ್ಪಿಗೆ ಪತ್ರ ಕೇಳುವುದಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ದ್ವಿಚಕ್ರ ವಾಹನದಲ್ಲಿದ್ದವರು. ಆ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಗಂಡು ಹುಡುಗರ ಈ ಹುಚ್ಚಾಟಕ್ಕೆ 'ವಯಸ್ಸು' ಎನ್ನುತ್ತೇವೆ. ಹೆಲ್ಮೆಟ್, ಚರ್ಮದ ಸೂಟು, ಬೆನ್ನಿಗೆ ರಕ್ಷಾಕವಚ, ಎದುರಿನಿಂದ ಯಾವ ವಾಹನವೂ ಬರದ ದಾರಿ, ಪಕ್ಕದಲ್ಲೇ ಆಂಬುಲೆನ್ಸ್, ಇಷ್ಟೆಲ್ಲ ಇಟ್ಟುಕೊಂಡು ಹುಡುಗಿಯೊಬ್ಬಳು ಓಡಿಸಿದರೆ ಧರ್ಮ, ಮರ್ಯಾದೆ, ಪ್ರಾಣ ಎಲ್ಲವೂ ನೆನಪಾಗುತ್ತವೆ. (ಉಡುಪಿನ ಬಗ್ಗೆ ಮಾತ್ರ ಯಾರೂ ತಕರಾರು ಮಾಡಲಿಲ್ಲ. ಆ ಸೂಟಿನಲ್ಲಿ ಬೆರಳ ತುದಿಯೂ ಕಾಣುವುದಿಲ್ಲ. ಹೆಲ್ಮೆಟ್ಟಿನೊಳಗೆ ಅಲ್ಲಿ ಹುಡುಗರೂ ತಲೆಗೆ ಬಟ್ಟೆ ಹಾಕಿಕೊಳ್ಳುತ್ತಾರೆ.) ಈ ಅನ್ಯಾಯವನ್ನು ನೆನೆದೇ ನಾನು ಕೊನೆಗೆ ಒಪ್ಪಿದೆನೇನೋ. ಆದರೆ ಇತರರ ಬೂಟಾಟಿಕೆ ನನ್ನ ನಿರ್ಧಾರವನ್ನು ಸರಿ ಮಾಡುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಶುಕ್ರವಾರ ಜುಮಾ ಮುಗಿಸಿ ಹೊರಟು, ದಿಂಬಂ ಘಾಟಿಯ 27 ತಿರುವುಗಳನ್ನು ಕತ್ತಲಾಗುವ ಮುಂಚೆ ಇಳಿದು ಸತ್ಯಮಂಗಲಂ ಹಾದು ಹೋದೆವು. ಶನಿವಾರ ಮೊದಲು ತಪಾಸಣೆ. ಬೈಕಿನ ಕನ್ನಡಿ, ಸ್ಟ್ಯಾಂಡು, ದೀಪ ಬಿಚ್ಚಿಸಿದ್ದರು. ಎಂಜಿನ್ ಆಯಿಲಿನ ಬೋಲ್ಟು ಸಡಿಲವಾಗಿ ಬೀಳದಂತೆ ಅದಕ್ಕೆ ತಂತಿ ಬಿಗಿದಿರಬೇಕು. ಒಬ್ಬರ ಎಂಜಿನ್ನಿನಿಂದ ಸೋರಿದ ಎಣ್ಣೆ ಹಿಂದೆ ಬರುವ ಹತ್ತು ಜನರನ್ನು ಬೀಳಿಸುತ್ತದೆ ಎಂದು ತಪಾಸಣೆಯವರು ವಿವರಿಸಿದರು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಆಮೇಲೆ ಮೈಮೇಲಿನ ಒಡವೆ ತೆಗೆಯಬೇಕು. ಮಗಳ ಕೊರಳಲ್ಲಿ ದಾದಿ ಕಟ್ಟಿದ್ದ ಬೆಳ್ಳಿಯ ತಾಯಿತವಿತ್ತು. ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಇಮಾಮ್ ಗಝ್ಝಾಲಿಯವರು 'ಇಹ್ಯಾ'ದ ತವಕ್ಕುಲ್ ಪ್ರಕರಣದಲ್ಲಿ ಕಾರಣಗಳನ್ನು ಮೂರು ದರ್ಜೆಗೆ ಹಾಕುತ್ತಾರೆ: ಖಚಿತವಾದವು, ಸಂಭವನೀಯವಾದವು, ಬರೀ ಊಹೆಯವು. ಊಹೆಯ ಕಾರಣಗಳಿಗೆ ಜೋತುಬೀಳುವುದು ಅಲ್ಲಾಹನ ಮೇಲಿನ ಭರವಸೆಗೆ ಒಪ್ಪುವುದಲ್ಲ. ಖಚಿತ ಕಾರಣಗಳನ್ನು ಬಿಟ್ಟು ಕೂರುವುದಾದರೆ ಭರವಸೆಯೇ ಅಲ್ಲ, ಹುಚ್ಚು. ಹಸಿದವನು ಕೈ ಚಾಚದೆ ಊಟ ತಾನಾಗಿ ಬಾಯಿಗೆ ಬರಲಿ ಎಂದು ಕಾದ ಹಾಗೆ. ತಾಯಿತವನ್ನು ಜೇಬಿಗೆ ಹಾಕಿಕೊಂಡು, ಹೆಲ್ಮೆಟ್ಟಿನ ಪಟ್ಟಿಯನ್ನು ನಾನೇ ಇನ್ನೊಮ್ಮೆ ಎಳೆದು ನೋಡಿ, ಗಝ್ಝಾಲಿಯವರ ಮಾತನ್ನು ಪಾಲಿಸಿದೆ ಎಂಬ ಸಮಾಧಾನದಲ್ಲಿದ್ದೆ. ಒಂಟೆಯ ಕಾಲು ಕಟ್ಟಿಯಾಯಿತು, ಇನ್ನು ಅಲ್ಲಾಹನ ಮೇಲೆ ಭಾರ.

ಮಧ್ಯಾಹ್ನದ ಅಭ್ಯಾಸದ ಸುತ್ತುಗಳಲ್ಲಿ ಕೆಂಪು ಬಾವುಟ ಬಂತು.

ರೇಸ್ ಕಾಣದವರಿಗೆ ಹೇಳಬೇಕು. ಹಳದಿ ಬಾವುಟವೆಂದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದೆ ಹಾಕಬೇಡಿ. ಕೆಂಪು ಎಂದರೆ ಎಲ್ಲವೂ ನಿಂತಿತು. ಕಿವಿ ಕಿವುಡಾಗುವಂತಿದ್ದ ಸದ್ದು ಒಮ್ಮೆಲೇ ಇಳಿದುಹೋಯಿತು. ಆಂಬುಲೆನ್ಸ್ ಹೊರಟಿತು. ಪೋಷಕರು ನಿಲ್ಲುವ ಬೇಲಿಯಿಂದ ಆ ತಿರುವು ಕಾಣುವುದಿಲ್ಲ. ಬೈಕುಗಳು ನಿಧಾನವಾಗಿ ಒಂದೊಂದೇ ಪಿಟ್‌ಗೆ ಬರತೊಡಗಿದವು. ಎಣಿಸಿದೆ. ಹತ್ತು. ಹದಿಮೂರು. ಹದಿನೇಳು. ಟ್ರ್ಯಾಕಿನಲ್ಲಿದ್ದವರು 19. ನನ್ನ ಮಗಳ ಸಂಖ್ಯೆ 41 ಬಂದಿರಲಿಲ್ಲ.

"ಯಾ ಅಲ್ಲಾಹ್, ಅದು ನನ್ನ ಮಗುವಾಗದಿರಲಿ" ಎಂದೆ. ಒಮ್ಮೆಯಲ್ಲ, ಎಷ್ಟು ಸಲವೋ ಗೊತ್ತಿಲ್ಲ. ಆಮೇಲೆ ತಿರುವಿನಿಂದ 41 ಬಂತು, ನೆಟ್ಟಗೆ ಕೂತಿದ್ದಳು. ನಾನು ಗಟ್ಟಿಯಾಗಿ "ಅಲ್‌ಹಮ್ದುಲಿಲ್ಲಾಹ್" ಎಂದುಬಿಟ್ಟೆ. ನನ್ನ ಪಕ್ಕದಲ್ಲಿ, ಒಂದೇ ಬೇಲಿಯನ್ನು ಹಿಡಿದು, ಬೆಳಿಗ್ಗೆ ನನಗೆ ಚಹಾ ಕೊಡಿಸಿದ್ದ ಕೊಯಮತ್ತೂರಿನವರೊಬ್ಬರು ನಿಂತಿದ್ದರು. ಅವರೂ ಎಣಿಸುತ್ತಿದ್ದರು. ಅವರ ಎಣಿಕೆಯಲ್ಲಿ ಈಗ ಉಳಿದದ್ದು ಒಂದೇ ಸಂಖ್ಯೆ. ಅವರು ನನ್ನ ಮುಖ ನೋಡಿದರು, ಆಮೇಲೆ ಓಡಿದರು.

ಹುಡುಗನಿಗೆ 16. ಕತ್ತಿನ ಕೆಳಗಿನ ಎಲುಬು ಮುರಿದಿತ್ತು, ಅಷ್ಟೇ. ಈ ಆಟದಲ್ಲಿ ಅದನ್ನು 'ಅಷ್ಟೇ' ಎನ್ನುತ್ತಾರೆ. ಆದರೆ ನಾನು ಅಲ್‌ಹಮ್ದುಲಿಲ್ಲಾಹ್ ಎಂದಾಗ ಅದು ಅಷ್ಟೇ ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಯಹೂದ್ಯರ ಧರ್ಮಶಾಸ್ತ್ರವಾದ ಮಿಶ್ನಾ ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಗ್ರಂಥ. ಪ್ರಾರ್ಥನೆಗಳ ಕುರಿತ ಅದರ ಭಾಗದಲ್ಲಿ ಹೀಗೊಂದು ಸಂದರ್ಭ ಬರುತ್ತದೆ. ದಾರಿಯಲ್ಲಿ ಬರುತ್ತಿರುವವನಿಗೆ ಊರೊಳಗಿಂದ ಗೋಳಾಟ ಕೇಳಿಸುತ್ತದೆ. ಅದು ತನ್ನ ಮನೆಯಾಗದಿರಲಿ ಎಂದು ಅವನು ಬೇಡಿಕೊಂಡರೆ ಅದು ವ್ಯರ್ಥ ಪ್ರಾರ್ಥನೆ ಎಂದು ಅಲ್ಲಿನ ತೀರ್ಪು. ಆದದ್ದು ಆಗಿಹೋಗಿದೆ, ಅದನ್ನು ಬದಲಿಸೆಂದು ಕೇಳುವುದರಲ್ಲಿ ಅರ್ಥವಿಲ್ಲ ಎಂಬುದು ಅದರ ತರ್ಕ. ವರ್ಷಗಳ ಹಿಂದೆ ಇದನ್ನು ಓದಿ ಜಾಣತನದ ಮಾತೆಂದು ಮೆಚ್ಚಿದ್ದೆ. ಆ ಬೇಲಿಯ ಬಳಿ ಅದರ ಇನ್ನೊಂದು ಮುಖ ಕಂಡಿತು. ಗೋಳು ಎದ್ದಾಗಿದೆ. ನನ್ನ ಮನೆಯಲ್ಲದಿದ್ದರೆ ಇನ್ನೊಬ್ಬರ ಮನೆ. ಹತ್ತೊಂಬತ್ತರಲ್ಲಿ ಹದಿನೇಳು ಬಂದ ಮೇಲೆ ನನ್ನ ಪ್ರಾರ್ಥನೆಗೆ ಇದ್ದದ್ದು ಒಂದೇ ಅರ್ಥ: ಅದು ಈ ಪಕ್ಕದವರ ಮಗುವಾಗಲಿ. ತನಗೆ ಬಯಸುವುದನ್ನು ತನ್ನ ಸಹೋದರನಿಗೂ ಬಯಸುವವರೆಗೆ ಒಬ್ಬನ ವಿಶ್ವಾಸ ಪೂರ್ಣವಾಗದು ಎಂದು ಮಸೀದಿಯ ಕಟ್ಟೆಯಲ್ಲಿ ನಾನೇ ಹುಡುಗರಿಗೆ ಹೇಳಿಕೊಟ್ಟಿದ್ದೇನೆ.

ತಂದೆಯ ಕರುಳು ಹಾಗೆಯೇ, ಅದರಲ್ಲಿ ತಪ್ಪೇನು ಎಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ಒಪ್ಪುತ್ತೇನೆ. ಆ ನಾಲ್ಕು ನಿಮಿಷದಲ್ಲಿ ಬಾಯಿಂದ ಬಂದದ್ದಕ್ಕೆ ಅಲ್ಲಾಹನು ನನ್ನನ್ನು ಹಿಡಿಯಲಾರನು ಎಂಬ ಭರವಸೆ ನನಗೂ ಇದೆ. ನನ್ನನ್ನು ಕಾಡುತ್ತಿರುವುದು ಬೆಳಿಗ್ಗೆ, ಅವಸರವಿಲ್ಲದೆ, ಪೆನ್ನು ಹಿಡಿದು ಮಾಡಿದ ಸಹಿ. ಹತ್ತೊಂಬತ್ತು ಮಕ್ಕಳಲ್ಲಿ ಯಾರೋ ಒಬ್ಬರು ಬೀಳುತ್ತಾರೆ ಎಂಬುದು ಆ ವಾರಾಂತ್ಯದಲ್ಲಿ ಹೆಚ್ಚುಕಡಿಮೆ ಖಚಿತವಾಗಿತ್ತು. ಆ 'ಯಾರೋ' ಬೇರೆಯವರು ಎಂಬ ಲೆಕ್ಕದಲ್ಲಿಯೇ ನಾನು ಸಹಿ ಹಾಕಿದ್ದೆ. ಉಳಿದ ಪೋಷಕರೂ ಹಾಗೆಯೇ ಹಾಕಿದ್ದರು.

ರಾತ್ರಿ ಲಾಡ್ಜಿನಲ್ಲಿ ಇಶಾ ಮುಗಿಸಿ ಕೂತಾಗ ಮಗಳಿಗೆ ಇದನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಬ್ಬಾ, ಅವನ ಹಿಂದೆ ಇದ್ದೋಳು ನಾನೇ" ಎಂದಳು.

ಅವನ ಬೈಕು ಜಾರಿದಾಗ ಅವಳು ಎರಡು ಬೈಕಿನಷ್ಟು ಹಿಂದಿದ್ದಳು. ಅವನು ಟ್ರ್ಯಾಕಿನ ಮೇಲೆಯೇ ಬಿದ್ದ. ಅವಳು ಎಡಕ್ಕೆ ಖಾಲಿ ಇದ್ದ ಜಾಗದಿಂದ ದಾಟಿದಳು. "ಅವನನ್ನು ನೋಡಿದ್ರೆ ಅವನ ಮೇಲೇ ಹೋಗ್ತಿದ್ದೆ. ಕಣ್ಣು ಎಲ್ಲಿ ಹೋಗುತ್ತೋ ಬೈಕು ಅಲ್ಲೇ ಹೋಗುತ್ತೆ ಅಂತ ಮೊದಲನೇ ದಿನವೇ ಹೇಳ್ಕೊಟ್ಟಿದ್ರು. ಅದಕ್ಕೇ ಅವನ ಕಡೆ ನೋಡ್ಲೇ ಇಲ್ಲ. ಬಿದ್ದಿದ್ದು ಯಾರು ಅಂತಾನೂ ನನಗೆ ಗೊತ್ತಿರ್ಲಿಲ್ಲ." ಕೊನೆಯವಳಾಗಿ ಬಂದದ್ದು ಕೈ ನಡುಗುತ್ತಿದ್ದುದರಿಂದ.

ಆರು ತಿಂಗಳ ಜಗಳದಲ್ಲಿ ಅವಳ ಅಮ್ಮಿಯಾಗಲಿ, ದಾದಿಯಾಗಲಿ, ನಾನಾಗಲಿ ಈ ಕಡೆಯಿಂದ ಯೋಚಿಸಿರಲೇ ಇಲ್ಲ. ಅವಳಿಗೆ ಏನಾಗಬಹುದು ಎಂದು ಹೆದರಿದೆವು. ಅವಳಿಂದ ಏನಾಗಬಹುದು ಎಂದು ಯಾರೂ ಕೇಳಲಿಲ್ಲ. ಒಪ್ಪಿಗೆ ಪತ್ರದಲ್ಲಿಯೂ ನಾನು ಒಪ್ಪಿದ್ದು ನನ್ನ ಮಗಳಿಗಾಗುವ ಗಾಯಕ್ಕೆ, ಅವಳ ಸಾವಿಗೆ. ಇನ್ನೊಬ್ಬರ ಮಗುವಿನ ಮೇಲೆ ಅವಳ ಚಕ್ರ ಹರಿದರೆ ಅದನ್ನು ಹೊತ್ತುಕೊಂಡು ಬದುಕಲು ಸಿದ್ಧನಿದ್ದೇನೆ, ಅವಳನ್ನೂ ಸಿದ್ಧಪಡಿಸಿದ್ದೇನೆ ಎಂಬ ಸಾಲು ಅದರಲ್ಲಿ ಇರಲಿಲ್ಲ.

ಇದು ದೂರದ ಕಲ್ಪನೆಯಲ್ಲ. 2021ರ ಒಂದೇ ವರ್ಷದಲ್ಲಿ ಯುರೋಪಿನ ಟ್ರ್ಯಾಕುಗಳಲ್ಲಿ ಮೂವರು ಎಳೆಯರು ಸತ್ತರು. ಮೇ ತಿಂಗಳಲ್ಲಿ ಇಟಲಿಯ ಮುಜೆಲ್ಲೊದಲ್ಲಿ 19ರ ಸ್ವಿಸ್ ತರುಣ. ಜುಲೈಯಲ್ಲಿ ಸ್ಪೇನಿನ ಅರಗಾನ್‌ನಲ್ಲಿ 14ರ ಬಾಲಕ. ಸೆಪ್ಟೆಂಬರಿನಲ್ಲಿ ಅದೇ ದೇಶದ ಹೆರೆಸ್‌ನಲ್ಲಿ 15ರವನು. ಕೆಳಗೆ ಬಿದ್ದವರಿಗೆ ಇತರರ ಬೈಕುಗಳು ತಗುಲಿದ್ದವು. ಆಮೇಲೆ ಅಂತಾರಾಷ್ಟ್ರೀಯ ಒಕ್ಕೂಟ ವಯೋಮಿತಿಯನ್ನು ಏರಿಸಿತು. 2023ರಿಂದ ವಿಶ್ವ ಚಾಂಪಿಯನ್‌ಷಿಪ್ಪಿಗೆ ಕನಿಷ್ಠ 18. ಅದೇ 2023ರ ಆಗಸ್ಟಿನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಹುಡುಗ ರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಬಿದ್ದು ತೀರಿಕೊಂಡ. ಪತ್ರಿಕೆಗಳು ಸತ್ತವರ ಬಗ್ಗೆ ಬರೆದವು, ಬರೆಯಬೇಕಾದದ್ದೇ. ಹಿಂದಿನಿಂದ ಬಂದ, ಏನೂ ಮಾಡಲಾಗದೆ ಹೋದ ಮಕ್ಕಳ ಮನೆಗಳಲ್ಲಿ ಆ ರಾತ್ರಿ ಏನು ಮಾತಾಯಿತು?

ಇಂಗ್ಲೆಂಡಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರ ಒಂದು ಪ್ರಬಂಧದಲ್ಲಿ ಲಾರಿ ಚಾಲಕನೊಬ್ಬನ ಉದಾಹರಣೆ ಕೊಡುತ್ತಾನೆ. ಅವನದೇನೂ ತಪ್ಪಿಲ್ಲ, ಆದರೂ ಮಗುವೊಂದು ಅವನ ಲಾರಿಗೆ ಸಿಕ್ಕಿತು. ನಿನ್ನ ತಪ್ಪಲ್ಲ ಎಂದು ಎಲ್ಲರೂ ಅವನಿಗೆ ಹೇಳುತ್ತಾರೆ, ಹೇಳಬೇಕು ಕೂಡ. ಆದರೆ ಅವನು ಆ ಮಾತನ್ನು ಸುಲಭವಾಗಿ ಒಪ್ಪಿ ಹಗುರಾಗಿಬಿಟ್ಟರೆ ನಮಗೆ ಅವನ ಬಗ್ಗೆಯೇ ಅನುಮಾನ ಬರುತ್ತದೆ. ನೋಡುತ್ತ ನಿಂತಿದ್ದವರ ದುಃಖ ಬೇರೆ, ಅವನದೇ ಬೇರೆ. ಇದಕ್ಕೆ ನ್ಯಾಯದ ಲೆಕ್ಕದಲ್ಲಿ ಹೆಸರು ಸಿಕ್ಕದೆ ಪಾಶ್ಚಾತ್ಯ ಚಿಂತಕರು ತಿಣುಕಾಡಿದ್ದಾರೆ. ಕುರ್‌ಆನಿನ 'ಅನ್ನಿಸಾ' ಅಧ್ಯಾಯದ 92ನೇ ಸೂಕ್ತ ಇದನ್ನು ಬಹಳ ಹಿಂದೆಯೇ ಕಂಡಿದೆ ಎಂದು ನನಗನಿಸುತ್ತದೆ. ಉದ್ದೇಶವಿಲ್ಲದೆ ಒಬ್ಬನಿಂದ ಇನ್ನೊಬ್ಬನ ಪ್ರಾಣ ಹೋದರೆ ಅದು ಕೊಲೆಯ ಪಾಪವಲ್ಲ. ಆದರೂ ಸತ್ತವನ ಮನೆಯವರಿಗೆ ಪರಿಹಾರ ಸಲ್ಲಬೇಕು, ಅವರು ಬಿಟ್ಟುಕೊಟ್ಟರೆ ಬೇರೆ ಮಾತು. ಅದಲ್ಲದೆ ಅವನು ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು, ಆಗದಿದ್ದರೆ ಬಿಡದೆ ಎರಡು ತಿಂಗಳು ಉಪವಾಸ ಹಿಡಿಯಬೇಕು. ತಪ್ಪಿಲ್ಲದವನಿಗೆ ಅರುವತ್ತು ದಿನ ಉಪವಾಸ ಯಾಕೆ? ಚಿಕ್ಕಂದಿನಲ್ಲಿ ಇದು ನನಗೆ ಕಠಿಣವೆನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ನಿನ್ನ ತಪ್ಪಲ್ಲ ಎಂದು ಬೆನ್ನು ತಟ್ಟಿ ಕಳಿಸಿದರೆ ಆ ಮನುಷ್ಯ ತನ್ನ ಭಾರದೊಂದಿಗೆ ಒಂಟಿಯಾಗಿ ಉಳಿಯುತ್ತಾನೆ. ಅವನಿಗೆ ಮಾಡಲು ಏನಾದರೂ ಬೇಕು. ಸ್ವಇಚ್ಛೆಯಿಂದ ಇಳಿದ ಪಂದ್ಯಕ್ಕೆ ಈ ನಿಯಮ ಹೇಗೆ ಅನ್ವಯವಾಗುತ್ತದೆ ಎಂಬುದನ್ನು ವಿದ್ವಾಂಸರು ಹೇಳಲಿ. ನಾನು ಹೇಳುತ್ತಿರುವುದು ಆ ಸೂಕ್ತದ ದೃಷ್ಟಿಯ ಬಗ್ಗೆ.

ಮಗಳಿಗೆ ಅದನ್ನು ಓದಿ ಹೇಳಿದೆ. ಅವಳು ಕೇಳಿಕೊಂಡು, "ಹಾಗಾದ್ರೆ ನಾಳೆ ಓಡಿಸ್ಬಾರ್ದಾ?" ಎಂದಳು. ಓಡಿಸಬೇಡ ಎನ್ನಲು ನನ್ನ ಬಳಿ ಕಾರಣಗಳಿದ್ದವು. ಆದರೆ ಆ ಕಾರಣಗಳು ಶುಕ್ರವಾರವೂ ಇದ್ದವು. ಭಯ ಹೊಸದಾಗಿತ್ತು, ಅಷ್ಟೆ. ನಿನಗೇನನಿಸುತ್ತದೆ ಎಂದೆ. "ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಅವನನ್ನ ನೋಡ್ಬೇಕು. ಆಮೇಲೆ ಹೇಳ್ತೀನಿ."

ಭಾನುವಾರ ಏಳಕ್ಕೆಲ್ಲ ಹೋದೆವು. ಹುಡುಗ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದ. ಇಬ್ಬರೂ ತಿರುವಿನ ಬಗ್ಗೆ, ತಣ್ಣಗಿದ್ದ ಟೈರಿನ ಬಗ್ಗೆ, ನನಗೆ ಅರ್ಥವಾಗದ ವೇಗದಲ್ಲಿ ಮಾತಿಗೆ ಶುರುವಿಟ್ಟರು. ಎಡಕ್ಕೆ ದಾಟಿದ್ದು ಅವಳೇ ಎಂದು ತಿಳಿದಾಗ ಅವನು ನಕ್ಕು, ಒಳ್ಳೆಯ ಕೈಯನ್ನು ಎತ್ತಿ ತೋರಿಸಿದ. ಅವನ ತಂದೆ ಹೊರಗಿನ ಬೆಂಚಿನಲ್ಲಿದ್ದರು. ಅವರದು ಕೊಯಮತ್ತೂರಿನಲ್ಲೇ ತಲೆಮಾರುಗಳಿಂದ ನೆಲೆಸಿದ ನೇಕಾರ ಕುಟುಂಬ, ಮನೆಮಾತು ತಮಿಳು ಬೆರೆತ ಕನ್ನಡ. ನಾನು ಕ್ಷಮೆ ಕೇಳಲು ತಡವರಿಸಿದೆ. ಅವರು ತಡೆದರು.

"ಕೇಳಿಸ್ತು ಸಾರ್. ನೀವು ಅದನ್ನ ಸ್ವಾಮಿಗೆ ಹೇಳಿದ್ದು, ನನಗೆ ಹೇಳಿದ್ದಲ್ಲವಲ್ಲ."

ಕ್ಷಮಿಸಿದರೋ, ಕ್ಷಮಿಸುವುದು ತನ್ನ ಕೆಲಸವಲ್ಲ ಎಂದರೋ ಇಂದಿಗೂ ತಿಳಿದಿಲ್ಲ. ಮತ್ತೆ ಚಹಾ ತರಿಸಿದರು. ದುಡ್ಡು ಕೊಡಲು ಬಿಡಲಿಲ್ಲ.

ಮಗಳು ಓಡಿಸಿದಳು. ಆರು ಸುತ್ತು, ಹತ್ತು ನಿಮಿಷವೂ ಇಲ್ಲ. ಹದಿನೆಂಟರಲ್ಲಿ ಹನ್ನೊಂದನೆಯವಳಾಗಿ ಬಂದಳು. ಮುಂದಿನ ಹುಡುಗ ತಿರುವಿನಲ್ಲಿ ಅಲ್ಲಾಡಿದಾಗ ಜಾಗವಿದ್ದರೂ ನುಗ್ಗಲಿಲ್ಲ ಎಂದು ಅವಳೇ ಆಮೇಲೆ ಹೇಳಿದಳು. ಅದು ವಿವೇಕವೋ ಭಯವೋ ಎಂದು ಅವಳಿಗೂ ಗೊತ್ತಿರಲಿಲ್ಲ, ನಾನು ಕೆದಕಲಿಲ್ಲ. ಬೇಲಿಯ ಬಳಿ ನಿಂತು ನಾನು ಹದಿನೆಂಟು ಮಂದಿಗಾಗಿಯೂ ಬೇಡಿಕೊಳ್ಳಲು ಪ್ರಯತ್ನಿಸಿದೆ. ಮೊದಲ ಸುತ್ತಿನಲ್ಲಿ ಒಂದೊಂದೇ ಸಂಖ್ಯೆಯನ್ನು ಹೇಳಿಕೊಂಡೆ. ಎರಡನೆಯ ಸುತ್ತಿನ ಹೊತ್ತಿಗೆ ಕಣ್ಣಿಗೆ 41 ಮಾತ್ರ ಕಾಣುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಆರು ಸುತ್ತಿನಲ್ಲಿ ಮೂರು ಸಲ ಹೀಗಾಯಿತು.

ಮನೆಗೆ ಬಂದಾಗ ನಡುರಾತ್ರಿ ದಾಟಿತ್ತು. ಅಮ್ಮ ಎಚ್ಚರವಾಗಿದ್ದರು. ಮೊಮ್ಮಗಳ ಮೈಕೈಯೆಲ್ಲ ಮುಟ್ಟಿ ನೋಡಿ, ಜೇಬಿನಿಂದ ತಾಯಿತ ತೆಗೆದುಕೊಟ್ಟದ್ದಕ್ಕೆ ನನ್ನನ್ನು ಬೈದು, ಬಿದ್ದ ಹುಡುಗನ ಹೆಸರು ಕೇಳಿದರು. ಹೇಳಿದೆ. ನಮ್ಮವನಲ್ಲದ ಆ ಹೆಸರನ್ನು ಎರಡು ಸಲ ಉಚ್ಚರಿಸಿ ಸರಿಮಾಡಿಕೊಂಡು, ವುಝೂ ಮಾಡಲು ಹೋದರು.

ಈ ಬರಹ ಬರೆಯುವ ಹೊತ್ತಿಗೆ ಮಗಳಿಗೆ 18 ತುಂಬಲು ಇನ್ನೂ ಎರಡು ತಿಂಗಳಿದೆ. ಮುಂದಿನ ಸುತ್ತಿನ ಒಪ್ಪಿಗೆ ಪತ್ರ ಮೇಜಿನ ಮೇಲಿದೆ. ಅದೇ ಹಳೆಯ ನಮೂನೆ. ಅವಳು ಎರಡು ಸಲ ಕೇಳಿದ್ದಾಳೆ.